ನಾಡಿ ಹಿಡಿದು ನೋಡೋಣ

ಮಕ್ಕಳೇ, ನಿಮ್ಮ ಎಡಗೈಯನ್ನು ಅಂಗೈ ಮೇಲಾಗುವಂತೆ ಇರಿಸಿರಿ. ಹೆಬ್ಬೆರಳಿನ ಬುಡದ ಕೆಳಗೆ, ಮಣಿಕಟ್ಟಿನ ಮೇಲೆ ಬಲಗೈಯ ತೋರುಬೆರಳನ್ನೂ ನಡುಬೆರಳನ್ನೂ ಮೆಲ್ಲನೆ ಒತ್ತಿರಿ. ಹೆಬ್ಬೆರಳಿನಿಂದ ಒತ್ತಬೇಡಿರಿ, ಅದಕ್ಕೂ ತನ್ನದೇ ಮಿಡಿತವಿದೆ. ಬೆರಳ ತುದಿಗೆ ಏನೋ ಮಿಡಿದಂತಾಗುತ್ತದೆ, ಅಲ್ಲವೇ? ಅದೇ ನಾಡಿ. ಹೃದಯ ಒಮ್ಮೆ ಬಡಿದು ರಕ್ತವನ್ನು ತಳ್ಳಿದಾಗ ನಾಡಿಯೂ ಒಮ್ಮೆ ಮಿಡಿಯುತ್ತದೆ.

ಗಡಿಯಾರ ನೋಡುತ್ತಾ ಒಂದು ನಿಮಿಷ ಎಣಿಸಿರಿ. ಸುಮ್ಮನೆ ಕುಳಿತ ದೊಡ್ಡವರ ನಾಡಿ ನಿಮಿಷಕ್ಕೆ ಸಾಮಾನ್ಯವಾಗಿ 60ರಿಂದ 100 ಸಲ ಮಿಡಿಯುತ್ತದೆ. ನಿಮ್ಮದು ಅದಕ್ಕಿಂತ ಸ್ವಲ್ಪ ಹೆಚ್ಚಿರಬಹುದು. ಎಳೆಯ ಕೂಸಿನದು ಇನ್ನೂ ವೇಗ. ದಿನವೂ ಓಡಿ ಪಳಗಿದ ಕ್ರೀಡಾಪಟುವಿನ ಹೃದಯ ಒಂದೇ ಬಡಿತಕ್ಕೆ ಹೆಚ್ಚು ರಕ್ತ ತಳ್ಳುತ್ತದೆ. ಆದ್ದರಿಂದ ಅವರ ನಾಡಿ 60ಕ್ಕಿಂತ ಕಡಿಮೆ ಇರುವುದುಂಟು.

ಈಗ ಅಂಗಳದಲ್ಲಿ ಎರಡು ಸುತ್ತು ಓಡಿ ಬಂದು ಮತ್ತೆ ಎಣಿಸಿರಿ. ಸಂಖ್ಯೆ ಏರಿದೆ! ಓಡುವಾಗ ಕಾಲಿನ ಸ್ನಾಯುಗಳಿಗೆ ಹೆಚ್ಚು ಆಮ್ಲಜನಕ ಬೇಕು. ಅದನ್ನು ಹೊತ್ತು ತರುವುದು ರಕ್ತ. ಅದಕ್ಕಾಗಿ ಹೃದಯ ಬೇಗ ಬೇಗ ಬಡಿಯುತ್ತದೆ. ಹೆದರಿದಾಗಲೂ ಜ್ವರ ಬಂದಾಗಲೂ ಬಡಿತ ಏರುತ್ತದೆ, ನಿದ್ದೆಯಲ್ಲಿ ಇಳಿಯುತ್ತದೆ.

ನಾಡಿಯ ಮೇಲೆ ಬೆರಳಿಟ್ಟುಕೊಂಡೇ ನಿಧಾನವಾಗಿ ಉಸಿರಾಡಿರಿ. ಉಸಿರು ಎಳೆದುಕೊಳ್ಳುವಾಗ ಮಿಡಿತ ತುಸು ಬೇಗ, ಬಿಡುವಾಗ ತುಸು ನಿಧಾನ. ಮಿಡಿತ ಒಂದೇ ಸಮನಾಗಿಲ್ಲವಲ್ಲ ಎಂದು ಗಾಬರಿಪಡಬೇಡಿರಿ. ಇದು ರೋಗವಲ್ಲ. ಆರೋಗ್ಯವಂತ ಮಕ್ಕಳಲ್ಲಿ ಹೀಗಾಗುವುದು ಸಹಜ.

ಅಪರೂಪಕ್ಕೆ ಒಂದು ಬಡಿತ ಅವಸರಪಟ್ಟು ಮೊದಲೇ ಬಂದುಬಿಡುತ್ತದೆ. ಆಮೇಲೆ ಒಂದು ಕ್ಷಣ ಬಿಡುವು. ಮುಂದಿನ ಬಡಿತ ಜೋರಾಗಿರುತ್ತದೆ. ಆಗ ಬಡಿತವೊಂದು ತಪ್ಪಿಹೋದಂತೆ ಅನಿಸುತ್ತದೆ. ಆರೋಗ್ಯವಂತರಲ್ಲಿಯೂ ಇದು ಕಂಡುಬರುತ್ತದೆ. ಹೆಚ್ಚಾಗಿ ಇದರಿಂದ ತೊಂದರೆಯಿಲ್ಲ.

ಆದರೆ ಒಂದು ಮಾತು ನೆನಪಿಡಿರಿ. ಆಡುವಾಗ ಎದೆ ನೋವು ಬಂದರೆ, ತಲೆ ಸುತ್ತಿದರೆ, ಕಣ್ಣು ಕತ್ತಲೆಗಟ್ಟಿದರೆ ಕೂಡಲೇ ಆಟ ನಿಲ್ಲಿಸಿರಿ. ಸುಮ್ಮನೆ ಕುಳಿತಿದ್ದರೂ ಎದೆ ಬಹಳ ಹೊತ್ತು ವೇಗವಾಗಿ ಬಡಿಯುತ್ತಿದ್ದರೆ ಸುಮ್ಮನಿರಬೇಡಿರಿ. ಗುರುಗಳಿಗೆ, ಮನೆಯವರಿಗೆ ಹೇಳಿರಿ. ಗೆಳೆಯರು ನಗುತ್ತಾರೆಂದು ಮುಚ್ಚಿಡಬೇಡಿರಿ. ವೈದ್ಯರು ಸ್ಟೆತಸ್ಕೋಪು ಇಟ್ಟು ಕೇಳುತ್ತಾರೆ. ಬೇಕಾದರೆ ಇಸಿಜಿ ತೆಗೆದು ನೋಡುತ್ತಾರೆ. ಅದರಿಂದ ನೋವಾಗುವುದಿಲ್ಲ. ಆಡುತ್ತಿದ್ದವರು ಎಚ್ಚರ ತಪ್ಪಿ ಬಿದ್ದರೆ ತಡಮಾಡದೆ ದೊಡ್ಡವರನ್ನು ಕೂಗಿ ಕರೆಯಿರಿ.

ಹೃದಯ ಗಡಿಯಾರದಂತೆ ಒಂದೇ ವೇಗದಲ್ಲಿ ನಡೆಯುವುದಿಲ್ಲ. ಮೈಗೆ ಬೇಕಾದಂತೆ ತನ್ನ ವೇಗವನ್ನು ಬದಲಿಸಿಕೊಳ್ಳುತ್ತದೆ.

ಮಾಡಿ ನೋಡಿರಿ: ಬೆಳಿಗ್ಗೆ ಎದ್ದ ಕೂಡಲೇ, ಶಾಲೆಗೆ ನಡೆದು ಬಂದಾಗ, ಆಟ ಮುಗಿದಾಗ ನಾಡಿ ಎಣಿಸಿರಿ. ಒಂದು ವಾರ ಪಟ್ಟಿಯಲ್ಲಿ ಬರೆದು, ತರಗತಿಯಲ್ಲಿ ಹೋಲಿಸಿ ನೋಡಿರಿ.