ಬೀದಿ ಕಲಿಸುವ ಭಾಷೆ, ಶಾಲೆ ಕಲಿಸಬೇಕಾದ ಭಾಷೆ

ಐರ್ಲೆಂಡಿನಲ್ಲಿ ಮಗುವನ್ನು ಗೇಲ್‌ಸ್ಕೊಲ್‌ಗೆ, ಅಂದರೆ ಐರಿಶ್ ಮಾಧ್ಯಮದ ಶಾಲೆಗೆ, ಸೇರಿಸುವ ಬಹುತೇಕ ತಂದೆತಾಯಿಯರ ಮನೆಮಾತು ಇಂಗ್ಲಿಷ್. ಅವರಲ್ಲಿ ಎಷ್ಟೋ ಮಂದಿಗೆ ಐರಿಶ್‌ನಲ್ಲಿ ನಾಲ್ಕು ಮಾತು ಸರಾಗವಾಗಿ ಆಡಲು ಬಾರದು. ಆದರೂ ನಾಲ್ಕೈದು ವರ್ಷದ ಮಗು ತರಗತಿಗೆ ಕಾಲಿಟ್ಟ ದಿನದಿಂದ ಟೀಚರ್ ಅದರೊಡನೆ ಆಡುವುದೆಲ್ಲ ಐರಿಶ್. ಕೋಟು ಬಿಚ್ಚಿ ನೇತುಹಾಕು ಎನ್ನುವಾಗ ತಾವೇ ಒಂದು ಕೋಟನ್ನೆತ್ತಿ ನೇತುಹಾಕಿ ತೋರಿಸುತ್ತಾರೆ. ಮಗು ಇಂಗ್ಲಿಷಿನಲ್ಲಿ ನೀರು ಕೇಳಿದರೆ ಗದರುವುದಿಲ್ಲ. ಅದೇ ಮಾತನ್ನು ಐರಿಶ್‌ನಲ್ಲಿ ಹೇಳುತ್ತ ನೀರು ಕೊಡುತ್ತಾರೆ. ಮಾರನೆಯ ದಿನವೂ ಹಾಗೆಯೇ. ತಿಂಗಳುಗಳು ಕಳೆದಂತೆ ಊಟದ ಡಬ್ಬಿ, ಜಗಳ, ಚಾಡಿ ಎಲ್ಲವೂ ಐರಿಶ್‌ಗೆ ತಿರುಗುತ್ತವೆ. ವ್ಯಾಕರಣ ತಪ್ಪುತ್ತದೆ, ಇಂಗ್ಲಿಷ್ ವಾಕ್ಯಕ್ಕೆ ಐರಿಶ್ ಪದ ತೊಡಿಸಿದ ಮಾತೂ ಧಾರಾಳ. ಆದರೆ ಮಗು ಮಾತಾಡುತ್ತಿರುತ್ತದೆ, ಅದು ಮುಖ್ಯ.

ಈ ಭಾಷೆ ಬೀದಿಯಿಂದ ಮರೆಯಾದದ್ದರಲ್ಲಿ ಶಾಲೆಯ ಪಾಲೂ ಇತ್ತು. ಭಾರತದಲ್ಲಿ ಇಂಗ್ಲಿಷ್ ಶಿಕ್ಷಣಕ್ಕೆ ದಾರಿ ಮಾಡಿದ ಮೆಕಾಲೆಯ ಟಿಪ್ಪಣಿಗಿಂತ ನಾಲ್ಕು ವರ್ಷ ಮೊದಲು, 1831ರಲ್ಲಿ, ಬ್ರಿಟಿಷ್ ಸರಕಾರ ಐರ್ಲೆಂಡಿನಾದ್ಯಂತ ತೆರೆಯಲು ಹೊರಟ ಶಾಲೆಗಳು ಇಂಗ್ಲಿಷ್ ಮಾಧ್ಯಮದವು. ಆ ಕಾಲದಲ್ಲಿ ಕೆಲವೆಡೆ ಮಗುವಿನ ಕೊರಳಿಗೆ ಒಂದು ಕೋಲು ಕಟ್ಟುತ್ತಿದ್ದರು. ಐರಿಶ್ ಮಾತಾಡಿದಾಗಲೆಲ್ಲ ಅದಕ್ಕೊಂದು ಕಚ್ಚು. ಕಚ್ಚುಗಳನ್ನು ಎಣಿಸಿ ಪೆಟ್ಟು. ಕಚ್ಚು ಹಾಕುವುದರಲ್ಲಿ ಹೆತ್ತವರೂ ಕೈಜೋಡಿಸುತ್ತಿದ್ದರು ಎಂಬುದು ನೋವಿನ ಸಂಗತಿ. 1845ರಿಂದ ಬಂದ ಆಲೂಗಡ್ಡೆ ಬರಗಾಲದಲ್ಲಿ ಸುಮಾರು 10 ಲಕ್ಷ ಜನ ಸತ್ತು, ಹೆಚ್ಚುಕಡಿಮೆ ಅಷ್ಟೇ ಜನ ದೇಶ ಬಿಟ್ಟರು. ಐರಿಶ್ ಆಡುತ್ತಿದ್ದ ಪಶ್ಚಿಮದ ಬಡ ಹಳ್ಳಿಗಳಿಗೇ ಹೆಚ್ಚಿನ ಪೆಟ್ಟು ಬಿತ್ತು. ಅಮೆರಿಕದಲ್ಲಿ ಅನ್ನ ಹುಟ್ಟಬೇಕಾದರೆ ಇಂಗ್ಲಿಷ್ ಬೇಕು ಎಂದು ನಂಬಿದವರನ್ನು ಇಂದು ಕುಳಿತು ದೂರುವುದು ಸರಿಯಲ್ಲ.

1893ರಲ್ಲಿ ಡಗ್ಲಸ್ ಹೈಡ್ ಮತ್ತು ಸಂಗಡಿಗರು ಐರಿಶ್ ಭಾಷೆ ಉಳಿಸಲೆಂದು ಗೇಲಿಕ್ ಲೀಗ್ ಕಟ್ಟಿದಾಗ ಗಾಳಿ ತಿರುಗಿತು. ಆ ಕಾಲದ ಸಾಹಿತ್ಯ ಪುನರುತ್ಥಾನದ ನಡುವೆ ಬೆಳೆದ ಬೆಲ್‌ಫಾಸ್ಟಿನ ಕವಿ ಜೇಮ್ಸ್ ಕಸಿನ್ಸ್ ನಮಗೆ ಅಪರಿಚಿತರಲ್ಲ. 1924ರಲ್ಲಿ ಮೈಸೂರಿನಲ್ಲಿ ತಮ್ಮ ಇಂಗ್ಲಿಷ್ ಕವಿತೆ ತೋರಿಸಿದ ಕುವೆಂಪು ಅವರಿಗೆ ನಿಮ್ಮ ಭಾಷೆಯಲ್ಲಿ ಬರೆಯಿರಿ ಎಂದವರು ಅವರೇ. ತಮ್ಮ ನಾಡು ಕಳೆದುಕೊಂಡದ್ದು ಏನೆಂದು ಕಂಡಿದ್ದವರ ಮಾತು ಅದು.

1922ರಲ್ಲಿ ಸ್ವತಂತ್ರ ಸರಕಾರ ಬಂದ ಮೇಲೆ ಐರಿಶ್ ಶಾಲೆಗಳಲ್ಲಿ ಕಡ್ಡಾಯ ವಿಷಯವಾಯಿತು. 1937ರ ಸಂವಿಧಾನ ಅದನ್ನು ಮೊದಲ ಅಧಿಕೃತ ಭಾಷೆ ಎಂದಿತು. ಫಲ? 2022ರ ಜನಗಣತಿಯಲ್ಲಿ ಸುಮಾರು 18.7 ಲಕ್ಷ ಜನ ತಮಗೆ ಐರಿಶ್ ಬರುತ್ತದೆ ಎಂದರು. ಶಾಲೆ–ಕಾಲೇಜಿನ ಹೊರಗೆ ಅದನ್ನು ದಿನವೂ ಆಡುವವರು ಮಾತ್ರ 72 ಸಾವಿರದಷ್ಟು. ದಿನಕ್ಕೊಂದು ಪೀರಿಯಡ್ಡಿನಂತೆ ಹನ್ನೆರಡು ಹದಿಮೂರು ವರ್ಷ ಓದಿದ ಭಾಷೆ ಪರೀಕ್ಷೆ ಮುಗಿದ ಮೇಲೆ ನಾಲಿಗೆಯ ಮೇಲೆ ನಿಲ್ಲಲಿಲ್ಲ. ಗಣಿತ, ಚರಿತ್ರೆ, ಆಟ ಎಲ್ಲವೂ ಆ ಭಾಷೆಯಲ್ಲೇ ನಡೆದರೆ ಮಾತ್ರ ಅದು ಉಳಿಯುತ್ತದೆ ಎಂದು ಮನಗಂಡವರು ತಂದೆತಾಯಿಯರು. ಗೇಲ್‌ಸ್ಕೊಲ್ ಚಳವಳಿಯ ಬೇರು ಇಲ್ಲಿದೆ. 1970ರ ದಶಕದ ಆರಂಭದಲ್ಲಿ, ಐರಿಶ್ ಉಳಿದಿರುವ ಗೇಲ್‌ಟಖ್ಟ್ ಪ್ರದೇಶಗಳ ಹೊರಗೆ, ಇಂಥ ಪ್ರಾಥಮಿಕ ಶಾಲೆಗಳು ಹತ್ತು ಹನ್ನೆರಡು ಇದ್ದವು. ಇಂದು ಐರ್ಲೆಂಡ್ ಗಣರಾಜ್ಯದಲ್ಲೇ 150ರ ಆಸುಪಾಸು. ಬ್ರಿಟಿಷ್ ಆಳ್ವಿಕೆಯಲ್ಲೇ ಉಳಿದ ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟಿನಲ್ಲಿ ಕೆಲವು ಕುಟುಂಬಗಳು ಷಾಸ್ ರೋಡಿನಲ್ಲಿ ಅಕ್ಕಪಕ್ಕ ಮನೆ ಕಟ್ಟಿಕೊಂಡು, ತಾವು ಕಲಿತ ಐರಿಶ್‌ನಲ್ಲೇ ಮಕ್ಕಳನ್ನು ಬೆಳೆಸಿ, 1971ರಲ್ಲಿ 9 ಮಕ್ಕಳೊಂದಿಗೆ ಶಾಲೆ ತೆರೆದವು. ಸರಕಾರದ ಮಾನ್ಯತೆ ಸಿಕ್ಕಿದ್ದು 1984ರಲ್ಲಿ. ಅಲ್ಲಿಯವರೆಗೆ ಸಂಬಳವೂ ಕಟ್ಟಡವೂ ಊರವರ ಚಂದಾದಿಂದ. ಈಗ ಉತ್ತರ ಐರ್ಲೆಂಡಿನಲ್ಲಿ ಐರಿಶ್ ಮಾಧ್ಯಮದ ಮಕ್ಕಳು 7 ಸಾವಿರಕ್ಕೂ ಹೆಚ್ಚು.

ಇಂಗ್ಲಿಷ್ ಹಿಂದೆ ಬೀಳುವುದಿಲ್ಲವೇ? ಎಲ್ಲ ಹೆತ್ತವರೂ ಕೇಳುವ ಪ್ರಶ್ನೆ ಇದು, ಕೇಳಲೇಬೇಕಾದದ್ದೂ ಹೌದು. 1966ರಲ್ಲಿ ಜಾನ್ ಮೆಕ್‌ನಮಾರ ಎಂಬ ವಿದ್ವಾಂಸರು ಐರಿಶ್ ಕಲಿಯುವ ಮಕ್ಕಳು ಇಂಗ್ಲಿಷಿನಲ್ಲೂ, ಐರಿಶ್‌ನಲ್ಲೇ ಲೆಕ್ಕ ಕಲಿತವರು ಲೆಕ್ಕದ ಸಮಸ್ಯೆಗಳಲ್ಲೂ ಹಿಂದಿದ್ದಾರೆ ಎಂದಾಗ ದೇಶವೇ ಗಾಬರಿಗೊಂಡಿತ್ತು. ಆಮೇಲೆ ಡಬ್ಲಿನ್ನಿನಲ್ಲಿ ಹುಟ್ಟಿ ಕೆನಡಾದಲ್ಲಿ ನೆಲೆಸಿದ ಜಿಮ್ ಕಮಿನ್ಸ್ ಅದರ ಕೊರತೆ ತೋರಿಸಿದರು: ಆ ಲೆಕ್ಕಗಳನ್ನು ಮಕ್ಕಳಿಗೆ ಕೊಟ್ಟದ್ದು ಅವರಿಗೆ ಕಡಿಮೆ ಬರುತ್ತಿದ್ದ ಐರಿಶ್‌ನಲ್ಲಿ. ಒಂದು ಭಾಷೆಯಲ್ಲಿ ಬಲಿತ ಓದುವ, ಯೋಚಿಸುವ ಶಕ್ತಿ ಇನ್ನೊಂದಕ್ಕೂ ಒದಗುತ್ತದೆ ಎಂಬುದು ಕಮಿನ್ಸ್ ಅವರ ವಾದ. ತರಗತಿಯಲ್ಲಿ ಇದು ಕಣ್ಣಿಗೆ ಕಾಣುತ್ತದೆ. ಐರಿಶ್ ಬರಹದಲ್ಲಿ ‘ಬಿ’ ಮತ್ತು ‘ಎಚ್’ ಜೊತೆಯಾಗಿ ಬಂದರೆ ಸಾಮಾನ್ಯವಾಗಿ ‘ವ’ ಸದ್ದು. ಇದನ್ನು ಕಲಿತ ಮಗು ಅಕ್ಷರಕ್ಕೂ ಸದ್ದಿಗೂ ನಡುವೆ ಒಂದು ಕಟ್ಟಳೆ ಇದೆ, ಅದು ಭಾಷೆಯಿಂದ ಭಾಷೆಗೆ ಬದಲಾಗುತ್ತದೆ ಎಂಬುದನ್ನು ಏಳು ವರ್ಷಕ್ಕೇ ತಿಳಿದಿರುತ್ತದೆ. ಇಂಗ್ಲಿಷ್ ಪುಸ್ತಕ ಕೈಗೆ ಬಂದಾಗ ಅದು ಓದುವುದನ್ನು ಹೊಸದಾಗಿ ಕಲಿಯಬೇಕಿಲ್ಲ. ಗೇಲ್‌ಸ್ಕೊಲ್ ಮಕ್ಕಳ ಇಂಗ್ಲಿಷ್ ಓದು ಹಿಂದೆ ಬಿದ್ದಿಲ್ಲ ಎಂದು ಅಲ್ಲಿನ ರಾಷ್ಟ್ರೀಯ ಮೌಲ್ಯಮಾಪನಗಳೂ ತೋರಿಸಿವೆ. ಇದರಲ್ಲಿ ಮನೆಯ ಅನುಕೂಲದ, ಹೆತ್ತವರ ಆಸಕ್ತಿಯ ಪಾಲೂ ಇದೆ ಎಂಬುದನ್ನು ಮರೆಯಬಾರದು. ಎರಡು ಭಾಷೆ ಬಂದರೆ ಮಿದುಳೇ ಚುರುಕಾಗುತ್ತದೆ ಎಂಬ ಜನಪ್ರಿಯ ಮಾತಿನ ಬಗ್ಗೆ ವಿಜ್ಞಾನಿಗಳಲ್ಲಿ ಇನ್ನೂ ಒಮ್ಮತವಿಲ್ಲ. ಆ ಆಸೆಗಾಗಿ ಯಾರೂ ಮಗುವನ್ನು ಶಾಲೆಗೆ ಸೇರಿಸಬೇಕಿಲ್ಲ. ಎರಡು ಭಾಷೆಯಲ್ಲಿ ನಿರಾಳವಾಗಿ ಬದುಕುವುದೇ ದೊಡ್ಡ ಲಾಭ.

ಇದನ್ನು ಓದಿ, ಕನ್ನಡ ಮನೆಯ ಮಗುವನ್ನು ಇಂಗ್ಲಿಷ್ ಮಾಧ್ಯಮಕ್ಕೆ ಹಾಕಿದರೂ ಇದೇ ಫಲ ಎಂದುಕೊಂಡರೆ ಅದು ತಪ್ಪು. ಡಬ್ಲಿನ್ನಿನ ಮಗುವಿನ ಇಂಗ್ಲಿಷನ್ನು ಮನೆ, ಅಂಗಡಿ, ಟಿ.ವಿ., ಮೈದಾನ ಎಲ್ಲವೂ ಕಾಯುತ್ತವೆ; ಶಾಲೆ ಅದಕ್ಕೆ ಇನ್ನೊಂದು ಭಾಷೆ ಕೂಡಿಸುತ್ತದೆ. ನಮ್ಮಲ್ಲಿ ಎಷ್ಟೋ ಮಕ್ಕಳು ಕನ್ನಡದ ಓದುಬರಹ ಗಟ್ಟಿಯಾಗುವ ಮೊದಲೇ, ಟೀಚರಿಗೂ ಸರಿಯಾಗಿ ಬಾರದ ಇಂಗ್ಲಿಷಿನೊಳಗೆ ಮುಳುಗುತ್ತಾರೆ. ಭಾಷೆ ಕೂಡಿಸುವ ಶಿಕ್ಷಣ ಮತ್ತು ಭಾಷೆ ಕಳೆಯುವ ಶಿಕ್ಷಣ ಎಂದು ಕೆನಡಾದ ವಾಲೆಸ್ ಲ್ಯಾಂಬರ್ಟ್ ಬೇರ್ಪಡಿಸಿದ್ದು ಇದನ್ನೇ. ಶಾಲೆ ಆಸರೆ ಕೊಡಬೇಕಾದದ್ದು ಹೊರಗೆ ಬಲ ಕಡಿಮೆ ಇರುವ ಭಾಷೆಗೆ. ಆದ್ದರಿಂದ ಐರ್ಲೆಂಡಿನ ಪಾಠ ಹೆಚ್ಚು ಹೊಂದುವುದು ಪರದೇಶಗಳಲ್ಲಿ ವಾರಾಂತ್ಯದ ಕನ್ನಡ ಕಲಿ ತರಗತಿ ನಡೆಸುವ ನಮ್ಮವರಿಗೆ. ವಾರಕ್ಕೆ ಒಂದೆರಡು ತಾಸು ಸಾಲದು ಎಂಬುದು ಅವರಿಗೆ ಆಗಲೇ ಗೊತ್ತು.

ಗೇಲ್‌ಸ್ಕೊಲ್‌ಗೂ ತನ್ನ ಮಿತಿಗಳಿವೆ. ಗೇಟು ದಾಟಿದ ಕೂಡಲೇ ಮಕ್ಕಳು ಇಂಗ್ಲಿಷಿಗೆ ಹೊರಳುತ್ತಾರೆ. ಅದಕ್ಕೆ ಬೇಸಿಗೆಯಲ್ಲಿ ಮೂರು ವಾರದ ಮಟ್ಟಿಗೆ ಗೇಲ್‌ಟಖ್ಟ್ ಹಳ್ಳಿಯ ಮನೆಗಳಲ್ಲಿ ಉಳಿಯಲು ಕಳಿಸುತ್ತಾರೆ, ಹೆತ್ತವರು ಸಂಜೆ ತರಗತಿಗೆ ಹೋಗುತ್ತಾರೆ. ಇನ್ನೂ ದೊಡ್ಡ ಕೊರತೆ ಪ್ರೌಢಶಾಲೆಗಳದು. ಐರಿಶ್‌ನಲ್ಲಿ ಎಂಟು ವರ್ಷ ಕಲಿತ ಹನ್ನೆರಡರ ಹುಡುಗಿಗೆ ಹತ್ತಿರದಲ್ಲಿ ಅದೇ ಮಾಧ್ಯಮದ ಪ್ರೌಢಶಾಲೆ ಇಲ್ಲದೆ ಇಂಗ್ಲಿಷ್ ಶಾಲೆಯೇ ಗತಿಯಾಗುವುದು ಹಲವು ಊರುಗಳ ಸ್ಥಿತಿ. ಅಲ್ಲಿನ ತಂದೆತಾಯಿಯರು ಈಗ ಸರಕಾರದ ಮುಂದೆ ಹಿಡಿದಿರುವ ಪಟ್ಟು ಈ ಪ್ರೌಢಶಾಲೆಗಳಿಗಾಗಿಯೇ.