ಆರು ದಿನ ಕಚೇರಿಗೆ, ಒಂದು ದಿನ ಮೈದಾನಕ್ಕೆ: ಕಾಯಿಲೋವರ್ ಆಯ್ಕೆಯಲ್ಲಿ ಗಮನಿಸಬೇಕಾದ ಅಂಶಗಳು

ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗಗಳ ಅಂಗಡಿಗೆ ಶಾಕ್ ಅಬ್ಸಾರ್ಬರ್ ಕೇಳಿ ಬರುವವರಲ್ಲಿ ಹೆಚ್ಚಿನವರು ಹಳೆಯದು ಸೋರುತ್ತಿದೆ ಎಂಬ ಕಾರಣಕ್ಕೆ ಬರುತ್ತಾರೆ. ಇವರ ಜೊತೆಗೆ ಈಗ ಇನ್ನೊಂದು ಬಗೆಯ ಗ್ರಾಹಕರೂ ಇದ್ದಾರೆ. ಅವರ ಕಾರು ಸುಸ್ಥಿತಿಯಲ್ಲಿಯೇ ಇರುತ್ತದೆ. ವಾರವಿಡೀ ಅದೇ ಕಾರಿನಲ್ಲಿ ಕೆಲಸಕ್ಕೆ ಹೋಗಿ ಬರುವ ಇವರು, ಆಗೊಮ್ಮೆ ಈಗೊಮ್ಮೆ ಭಾನುವಾರದ ಆಟೋಕ್ರಾಸ್ ಸ್ಪರ್ಧೆಯಲ್ಲಿ ಪಾಲ್ಗೊಳ್ಳಲು ಬಯಸುತ್ತಾರೆ. ಅದಕ್ಕೆ ಯಾವ ಕಾಯಿಲೋವರ್ ಹಾಕಿಸಬೇಕೆಂಬುದು ಅವರ ಪ್ರಶ್ನೆ. ಬೆಲೆಪಟ್ಟಿಯನ್ನು ಮುಂದಿಟ್ಟು ಈ ಪ್ರಶ್ನೆಗೆ ಉತ್ತರಿಸಲಾಗದು. ತಪ್ಪು ಆಯ್ಕೆಯಾದರೆ ಗ್ರಾಹಕನ ಹಣವೂ ಅಂಗಡಿಯ ಹೆಸರೂ ಒಟ್ಟಿಗೆ ಹೋಗುತ್ತವೆ.

ಕಾಯಿಲೋವರ್ ಎಂದರೇನು?

ಶಾಕ್ ಅಬ್ಸಾರ್ಬರಿನ ಸುತ್ತಲೂ ಸುರುಳಿ ಸ್ಪ್ರಿಂಗ್ ಕುಳಿತಿರುವ ಜೋಡಣೆಯೇ ಕಾಯಿಲೋವರ್. ಮಾರುಕಟ್ಟೆಯಲ್ಲಿ ಈ ಹೆಸರಿನಿಂದ ಮಾರಾಟವಾಗುವ ಜೋಡಣೆಗಳಲ್ಲಿ ಹೊರಕೊಳವೆಗೆ ಮರೆ ಕೊರೆದಿರುತ್ತದೆ. ಸ್ಪ್ರಿಂಗ್ ಕೂರುವ ತಟ್ಟೆಯನ್ನು ತಿರುಗಿಸಿ ಕಾರಿನ ಎತ್ತರವನ್ನು ಬದಲಿಸಬಹುದು. ನಮ್ಮಲ್ಲಿನ ಬಹುಪಾಲು ಸಣ್ಣ ಕಾರುಗಳಲ್ಲಿ ಮುಂಭಾಗಕ್ಕೆ ಮ್ಯಾಕ್‌ಫರ್ಸನ್ ಸ್ಟ್ರಟ್ ಇದ್ದು, ಹಿಂಭಾಗದಲ್ಲಿ ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಬೇರೆ ಬೇರೆಯಾಗಿರುತ್ತವೆ. ಆದ್ದರಿಂದ ಪೂರ್ಣ ಕಾಯಿಲೋವರ್ ಸೆಟ್ ಎಂದು ಕೊಂಡರೂ ಹಿಂಭಾಗಕ್ಕೆ ಬರುವುದು ಪ್ರತ್ಯೇಕ ಸ್ಪ್ರಿಂಗ್, ಎತ್ತರ ಹೊಂದಿಸುವ ತುಂಡು ಮತ್ತು ಬಿಡಿ ಶಾಕ್ ಅಬ್ಸಾರ್ಬರ್. ಇದನ್ನು ಗ್ರಾಹಕನಿಗೆ ಮೊದಲೇ ತಿಳಿಸುವುದು ಒಳಿತು.

ಮೊದಲ ಪ್ರಶ್ನೆ: ಮೈದಾನ ಯಾವುದು?

ಆಟೋಕ್ರಾಸ್‌ನಲ್ಲಿ ಕಾರುಗಳು ಒಂದೊಂದಾಗಿ, ಗುರುತು ಮಾಡಿದ ತಿರುವುಗಳ ಹಾದಿಯಲ್ಲಿ, ಗಡಿಯಾರದ ವಿರುದ್ಧ ಓಡುತ್ತವೆ. ಅಮೆರಿಕದಲ್ಲಿ ಈ ಸ್ಪರ್ಧೆ ಡಾಂಬರು ಅಥವಾ ಕಾಂಕ್ರೀಟು ಹಾಸಿದ ವಿಶಾಲ ಬಯಲುಗಳಲ್ಲಿ, ಶಂಕುಗಳ ನಡುವೆ ನಡೆಯುತ್ತದೆ. ಭಾರತದಲ್ಲಿ ಅದೇ ಹೆಸರಿನ ಸ್ಪರ್ಧೆಗಳು ಸಾಮಾನ್ಯವಾಗಿ ಮಣ್ಣಿನ ಮೈದಾನದಲ್ಲಿ ನಡೆಯುತ್ತವೆ. ಈ ಒಂದು ವ್ಯತ್ಯಾಸದಿಂದ ಇಡೀ ಆಯ್ಕೆಯೇ ಬದಲಾಗುತ್ತದೆ. ನಯವಾದ ಡಾಂಬರಿಗಾಗಿ ರೂಪಿಸಿದ ಗಟ್ಟಿ, ತಗ್ಗು ಜೋಡಣೆಯನ್ನು ಮಣ್ಣಿನಲ್ಲಿ ಓಡಿಸಿದರೆ ಚಕ್ರಗಳು ನೆಲ ಬಿಟ್ಟು ಪುಟಿಯುತ್ತವೆ. ಕಾರು ವೇಗ ಪಡೆಯುವ ಬದಲು ಹಿಡಿತ ಕಳೆದುಕೊಳ್ಳುತ್ತದೆ. ಮಣ್ಣಿನ ಮೈದಾನಕ್ಕೆ ಬೇಕಿರುವುದು ಚಕ್ರ ಮೇಲೆ ಕೆಳಗೆ ಚಲಿಸಲು ಸಾಕಷ್ಟು ಅವಕಾಶ. ನಮ್ಮ ನಗರಗಳ ಗುಂಡಿಗಳಿಗೆ ಬೇಕಿರುವುದೂ ಅದೇ.

ಜೊತೆಗೆ ಸ್ಪರ್ಧೆಯ ನಿಯಮಪುಸ್ತಕವನ್ನೂ ಓದಬೇಕು. ಅಮೆರಿಕದ ಎಸ್‌ಸಿಸಿಎ ಸಂಸ್ಥೆಯ 'ಸ್ಟ್ರೀಟ್' ವಿಭಾಗದಲ್ಲಿ ಶಾಕ್ ಅಬ್ಸಾರ್ಬರ್ ಬದಲಿಸಬಹುದು, ಮೂಲ ಸ್ಪ್ರಿಂಗ್ ಬದಲಿಸುವಂತಿಲ್ಲ. ಕಾಯಿಲೋವರ್ ಹಾಕಿದ ಕಾರು ಇನ್ನಷ್ಟು ಮಾರ್ಪಾಟಾದ ಕಾರುಗಳೊಡನೆ ಸೆಣಸಬೇಕಾಗುತ್ತದೆ. ನಮ್ಮಲ್ಲಿಯೂ ಆಯಾ ಸ್ಪರ್ಧೆಯ ನಿಯಮಗಳನ್ನು ಸಂಘಟಕರಿಂದ ಪಡೆದ ಬಳಿಕವೇ ಹಣ ಹೂಡುವುದು ವಿವೇಕ.

ಸ್ಪ್ರಿಂಗಿನ ಲೆಕ್ಕ

ಸ್ಪ್ರಿಂಗನ್ನು ಒಂದು ಮಿಲಿಮೀಟರು ಕುಗ್ಗಿಸಲು ಎಷ್ಟು ಕಿಲೋಗ್ರಾಂ ಭಾರ ಬೇಕೆಂಬುದೇ ಅದರ ಬಿಗುವಿನ ಅಳತೆ. ಮುಂದಿನ ಒಂದು ಚಕ್ರದ ಸ್ಪ್ರಿಂಗಿನ ಮೇಲೆ 300 ಕಿ.ಗ್ರಾಂ. ಭಾರವಿದೆಯೆಂದು ಭಾವಿಸೋಣ. ಬಿಗುವು 2.5 ಕಿ.ಗ್ರಾಂ. ಇದ್ದರೆ ಸ್ಪ್ರಿಂಗ್ 120 ಮಿ.ಮೀ. ಕುಗ್ಗಿ ನಿಲ್ಲುತ್ತದೆ, ಕಾರು ಸೆಕೆಂಡಿಗೆ ಸುಮಾರು 1.4 ಬಾರಿ ತೂಗುತ್ತದೆ. ಇದು ಸಾಧಾರಣ ಕುಟುಂಬದ ಕಾರಿನ ನಡಿಗೆ. 4 ಕಿ.ಗ್ರಾಂ. ಆದರೆ ಕುಗ್ಗುವಿಕೆ 75 ಮಿ.ಮೀ., ತೂಗಾಟ 1.8 ಬಾರಿ. 6 ಕಿ.ಗ್ರಾಂ. ಆದರೆ ಕ್ರಮವಾಗಿ 50 ಮಿ.ಮೀ. ಮತ್ತು 2.2 ಬಾರಿ, ಇದು ರೇಸಿಂಗ್ ಕಾರಿನ ಸ್ವಭಾವ. ದಿನಬಳಕೆಯ ಕಾರಿಗೆ ಮಧ್ಯದ ಅಂಕಿಯ ಆಸುಪಾಸಿನಲ್ಲಿ ನಿಲ್ಲುವುದು ಲೇಸು. ಅದನ್ನು ಮೀರಿದರೆ ಮನೆಯ ಹಿರಿಯರು ಆ ಕಾರನ್ನು ಹತ್ತಲು ಒಪ್ಪುವುದಿಲ್ಲ.

ಇಲ್ಲಿ ಒಂದು ತಪ್ಪು ಕಲ್ಪನೆಯನ್ನು ನಿವಾರಿಸಬೇಕು. ತಟ್ಟೆಯನ್ನು ತಿರುಗಿಸಿ ಸ್ಪ್ರಿಂಗನ್ನು ಮೊದಲೇ ಬಿಗಿದರೆ ಅದು ಗಟ್ಟಿಯಾಗುತ್ತದೆಂದು ಅನೇಕರು ತಿಳಿದಿದ್ದಾರೆ. ಏಕರೂಪದ ಸುರುಳಿಯುಳ್ಳ ಸ್ಪ್ರಿಂಗಿನಲ್ಲಿ ಹಾಗಾಗುವುದಿಲ್ಲ. ಬಿಗುವು ಬದಲಾಗಬೇಕಾದರೆ ಸ್ಪ್ರಿಂಗನ್ನೇ ಬದಲಿಸಬೇಕು.

ಎಷ್ಟು ತಗ್ಗಿಸಬಹುದು?

ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾನದಂಡದಂತೆ ರಸ್ತೆಯುಬ್ಬು 3.7 ಮೀ. ಅಗಲ, 10 ಸೆಂ.ಮೀ. ಎತ್ತರವಿರಬೇಕು. ಇಷ್ಟು ಅಗಲವಾದ ಉಬ್ಬಿನ ಮೇಲೆ ಚಕ್ರಗಳೂ ಏರುವುದರಿಂದ ತುಸು ತಗ್ಗಿಸಿದ ಕಾರೂ ಸುರಕ್ಷಿತವಾಗಿ ದಾಟುತ್ತದೆ. ಆದರೆ ನಮ್ಮ ಬಡಾವಣೆಗಳಲ್ಲಿ ಎದುರಾಗುವ ಗಿಡ್ಡ, ಕಡಿದಾದ ಉಬ್ಬುಗಳು ಮಾನದಂಡವನ್ನು ನೋಡಿ ಕಟ್ಟಿದವಲ್ಲ. ನೆಲದಿಂದ 165 ಮಿ.ಮೀ. ಎತ್ತರವಿರುವ ಕಾರನ್ನು 40 ಮಿ.ಮೀ. ತಗ್ಗಿಸಿ, ಐವರನ್ನು ಕೂರಿಸಿದರೆ ಅಡಿಭಾಗ ಉಜ್ಜುವುದು ಖಚಿತವೆಂದೇ ತಿಳಿಯಬೇಕು.

ತಗ್ಗಿಸಿದಷ್ಟೂ ತಿರುವಿನಲ್ಲಿ ಸ್ಥಿರತೆ ಹೆಚ್ಚುತ್ತದೆ ಎಂಬುದೂ ಪೂರ್ಣ ಸತ್ಯವಲ್ಲ. ಮ್ಯಾಕ್‌ಫರ್ಸನ್ ವಿನ್ಯಾಸದಲ್ಲಿ ಕಾರು ತೀರ ಕೆಳಗಿಳಿದರೆ ಕೆಳತೋಳುಗಳ ಕೋನ ಕೆಡುತ್ತದೆ. ಆಗ ಕಾರು ಯಾವ ಬಿಂದುವಿನ ಸುತ್ತ ವಾಲುತ್ತದೆಯೋ ಆ ಬಿಂದು ಗುರುತ್ವಕೇಂದ್ರಕ್ಕಿಂತ ಬೇಗ ಕೆಳಗಿಳಿದು, ವಾಲಿಸುವ ಬಲ ಹೆಚ್ಚುತ್ತದೆ. ಡಾಂಬರಿಗಾದರೆ 15ರಿಂದ 25 ಮಿ.ಮೀ. ತಗ್ಗಿಸಿದರೆ ಸಾಕು; ಮಣ್ಣಿಗಾದರೆ ಮೂಲ ಎತ್ತರವನ್ನೇ ಉಳಿಸಿಕೊಳ್ಳುವುದು ಮೇಲು. ಸ್ಪ್ರಿಂಗ್ ತಟ್ಟೆಯಿಂದಲೇ ಎತ್ತರ ಹೊಂದಿಸುವ ಜೋಡಣೆಯಲ್ಲಿ ಕಾರು ತಗ್ಗಿದಂತೆ ಮೇಲ್ಮುಖ ಚಲನೆಯ ಅವಕಾಶವೂ ಕಡಿಮೆಯಾಗುತ್ತದೆ. ಕೆಳಗಿನ ಬ್ರಾಕೆಟ್ ಪ್ರತ್ಯೇಕವಾಗಿ ಹೊಂದುವ ಮಾದರಿಯಲ್ಲಿ ಈ ದೋಷವಿಲ್ಲವಾದರೂ, ಚಕ್ರ ಮಡ್‌ಗಾರ್ಡಿಗೆ ತಾಗದಂತೆ ನೋಡಿಕೊಳ್ಳಬೇಕು. ಎತ್ತರ ಬದಲಿಸಿದಾಗಲೆಲ್ಲ ವೀಲ್ ಅಲೈನ್‌ಮೆಂಟ್ ಮಾಡಿಸದಿದ್ದರೆ ಟೈರು ಒಂದೇ ಬದಿಗೆ ಸವೆಯುತ್ತದೆ.

ಶಾಕ್ ಅಬ್ಸಾರ್ಬರಿನ ಒಳಗುಟ್ಟು

ಒಂಟಿ ಕೊಳವೆ ಮತ್ತು ಜೋಡಿ ಕೊಳವೆ ಎಂದು ಇದರಲ್ಲಿ ಎರಡು ಬಗೆ. ಒಂಟಿ ಕೊಳವೆಯ ಅನಿಲ ಒತ್ತಡದ ಮಾದರಿಯನ್ನು ಜರ್ಮನಿಯ ಬಿಲ್‌ಸ್ಟೈನ್ ಸಂಸ್ಥೆ 1957ರಲ್ಲಿ ಮರ್ಸಿಡಿಸ್-ಬೆಂಜ್ ಕಾರುಗಳಿಗೆ ಒದಗಿಸತೊಡಗಿತು. ಇದರಲ್ಲಿ ಪಿಸ್ಟನ್ ದೊಡ್ಡದು. ಶಾಖ ಬೇಗ ಹೊರಹೋಗುತ್ತದೆ. ಆದರೆ ಕಲ್ಲು ಬಡಿದು ಕೊಳವೆ ನೆಗ್ಗಿದರೆ ಪಿಸ್ಟನ್ ಸಿಕ್ಕಿಕೊಳ್ಳಬಹುದು. ಜೋಡಿ ಕೊಳವೆಯಲ್ಲಿ ಹೊರಕೊಳವೆ ನೆಗ್ಗಿದರೂ ಒಳಗಿನದು ಕೆಲಸ ಮಾಡುತ್ತದೆ. ಆಟೋಕ್ರಾಸ್ ಓಟ ಕೆಲವೇ ನಿಮಿಷಗಳಲ್ಲಿ ಮುಗಿಯುವುದರಿಂದ ಶಾಖದ ಸಮಸ್ಯೆ ಅಷ್ಟಾಗಿ ಕಾಡುವುದಿಲ್ಲ. ಆದ್ದರಿಂದ ಕೆಟ್ಟ ರಸ್ತೆಯ ಗ್ರಾಹಕನಿಗೆ ಉತ್ತಮ ಜೋಡಿ ಕೊಳವೆ ಕೀಳು ಆಯ್ಕೆಯೇನಲ್ಲ.

ತಿರುಗುಗುಂಡಿಯಲ್ಲಿ ಎಷ್ಟು ಮೆಟ್ಟಿಲುಗಳಿವೆ ಎಂಬುದು ಗುಣಮಟ್ಟದ ಅಳತೆಯಲ್ಲ. ಯಾವ ವೇಗದಲ್ಲಿ ಎಷ್ಟು ಪ್ರತಿರೋಧ ಎಂಬ ಪರೀಕ್ಷಾ ನಕ್ಷೆಯನ್ನು ತಯಾರಕರಿಂದ ಕೇಳಿ ಪಡೆಯಬೇಕು. ಮಂಗಳೂರು, ಕಾರವಾರದಂತಹ ಕರಾವಳಿಯಲ್ಲಿ ಉಪ್ಪುಗಾಳಿಗೆ ಮರೆಗಳು ಕಚ್ಚಿಕೊಂಡು ತಟ್ಟೆ ತಿರುಗದಂತಾಗುತ್ತದೆ. ಅಲ್ಲಿಗೆ ತುಕ್ಕುನಿರೋಧಕ ಉಕ್ಕಿನ ಕೊಳವೆ ಹಾಗೂ ಧೂಳುಕವಚವಿರುವುದನ್ನೇ ಶಿಫಾರಸು ಮಾಡಬೇಕು. ಸೀಲ್ ಮತ್ತು ಎಣ್ಣೆ ಬದಲಿಸಿ ಮತ್ತೆ ಸಿದ್ಧಪಡಿಸುವ ಸೌಲಭ್ಯ ದೇಶದೊಳಗೆ ಇದೆಯೇ ಎಂಬುದನ್ನು ಆಮದು ಮಾಡುವ ಮುನ್ನವೇ ಖಚಿತಪಡಿಸಿಕೊಳ್ಳಬೇಕು.

ಕಾನೂನು ಮತ್ತು ವಿಮೆ

1988ರ ಮೋಟಾರು ವಾಹನ ಕಾಯಿದೆಯ 52ನೇ ಕಲಮಿನಂತೆ, ನೋಂದಣಿ ಪತ್ರದ ವಿವರಗಳು ತಯಾರಕರ ಮೂಲ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ತಿದ್ದುಪಡಿಯಿಂದ ಸೇರಿದ 182ಎ ಕಲಮು, ಅನುಮತಿಯಿಲ್ಲದ ಮಾರ್ಪಾಟಿಗೆ ಮಾಲೀಕನಿಗೆ ಆರು ತಿಂಗಳವರೆಗೆ ಸೆರೆವಾಸ, ಅಥವಾ ಪ್ರತಿ ಮಾರ್ಪಾಟಿಗೆ 5,000 ರೂ. ದಂಡ, ಅಥವಾ ಎರಡನ್ನೂ ವಿಧಿಸುತ್ತದೆ. ಆದ್ದರಿಂದ ಅಳವಡಿಸುವ ಮೊದಲು ಪ್ರಾದೇಶಿಕ ಸಾರಿಗೆ ಕಚೇರಿಯನ್ನೂ ವಿಮಾ ಕಂಪನಿಯನ್ನೂ ಲಿಖಿತವಾಗಿ ವಿಚಾರಿಸುವಂತೆ ಗ್ರಾಹಕನಿಗೆ ಹೇಳುವುದು ವ್ಯಾಪಾರಿಯ ಕರ್ತವ್ಯ. ಖಾಸಗಿ ಕಾರಿನ ಸಾಮಾನ್ಯ ವಿಮಾ ಪಾಲಿಸಿ ಸಂಘಟಿತ ರೇಸಿಂಗ್ ಮತ್ತು ವೇಗ ಪರೀಕ್ಷೆಗಳನ್ನು ಒಳಗೊಳ್ಳುವುದಿಲ್ಲ. ಮೈದಾನದಲ್ಲಿ ಆದ ಹಾನಿ ಮಾಲೀಕನದೇ.

ಸಣ್ಣ ಕೈಗಾರಿಕೆಗಳಿಗೆ ಅವಕಾಶ

ತಟ್ಟೆ, ಲಾಕ್ ನಟ್, ಬ್ರಾಕೆಟ್, ಬುಷ್, ಧೂಳುಕವಚ ಮುಂತಾದವು ಪೀಣ್ಯದಂತಹ ಪ್ರದೇಶಗಳ ಸಣ್ಣ ಕಾರ್ಖಾನೆಗಳ ಕೈಗೆಟಕುವ ಕೆಲಸ. ಸ್ಪ್ರಿಂಗ್ ಮಾತ್ರ ಹೆಚ್ಚಿನ ಶಿಸ್ತನ್ನು ಬೇಡುತ್ತದೆ. ಬಿಗುವು ತಂತಿಯ ದಪ್ಪದ ನಾಲ್ಕನೇ ಘಾತಕ್ಕೆ ಅನುಗುಣವಾಗಿರುವುದರಿಂದ, 11 ಮಿ.ಮೀ. ತಂತಿಯ ಬದಲು 11.5 ಮಿ.ಮೀ. ಬಳಸಿದರೆ, ಉಳಿದೆಲ್ಲ ಅಳತೆಗಳು ಒಂದೇ ಇದ್ದರೂ ಬಿಗುವು ಸುಮಾರು ಶೇ. 20 ಏರುತ್ತದೆ. ಶಾಖೋಪಚಾರ ಮತ್ತು ಶಾಟ್ ಪೀನಿಂಗ್ ಸರಿಯಾಗದ ಸ್ಪ್ರಿಂಗ್ ಬೇಗ ಕುಸಿಯುತ್ತದೆ, ಇಲ್ಲವೇ ಮುರಿಯುತ್ತದೆ. ಪ್ರತಿ ಸ್ಪ್ರಿಂಗನ್ನೂ ಎರಡು ಎತ್ತರಗಳಲ್ಲಿ ತೂಗಿ, ಅಂಕಿಯನ್ನು ಅದರ ಮೇಲೆಯೇ ಮುದ್ರಿಸುವ ತಯಾರಕನಿಗೆ ಮಾರುಕಟ್ಟೆಯಲ್ಲಿ ನಂಬಿಕೆ ದೊರೆಯುತ್ತದೆ. 2025ರ ಸೆಪ್ಟೆಂಬರ್ 22ರಿಂದ ಮೋಟಾರು ಬಿಡಿಭಾಗಗಳ ಮೇಲಿನ ಜಿಎಸ್‌ಟಿ ಏಕರೂಪವಾಗಿ ಶೇ. 18ಕ್ಕೆ ಇಳಿದಿರುವುದೂ ಈ ವಲಯಕ್ಕೆ ಅನುಕೂಲಕರ.

ಗ್ರಾಹಕನನ್ನು ಕೇಳಬೇಕಾದ ಪ್ರಶ್ನೆಗಳು

1. ಸ್ಪರ್ಧೆ ನಡೆಯುವುದು ಡಾಂಬರಿನ ಮೇಲೋ ಮಣ್ಣಿನ ಮೇಲೋ? ವರ್ಷಕ್ಕೆ ಎಷ್ಟು ಬಾರಿ?
2. ದಿನನಿತ್ಯ ಕಾರಿನಲ್ಲಿ ಎಷ್ಟು ಜನ, ಎಂತಹ ರಸ್ತೆಯಲ್ಲಿ ಸಂಚರಿಸುತ್ತಾರೆ?
3. ಸ್ಪರ್ಧೆಯ ನಿಯಮ, ಸಾರಿಗೆ ಕಚೇರಿ ಹಾಗೂ ವಿಮೆಯ ವಿಚಾರಣೆ ಆಗಿದೆಯೇ?
4. ಟೈರು, ಬುಷ್ ಮತ್ತು ಅಲೈನ್‌ಮೆಂಟ್ ಈಗ ಸರಿಯಾಗಿವೆಯೇ?

ನಾಲ್ಕನೆಯ ಪ್ರಶ್ನೆಗೆ 'ಇಲ್ಲ' ಎಂಬ ಉತ್ತರ ಬಂದರೆ ಮಾರಾಟವನ್ನು ಅಲ್ಲಿಗೇ ನಿಲ್ಲಿಸಬೇಕು. ವರ್ಷಕ್ಕೆ ಎರಡು ಮೂರು ಬಾರಿ ಮಾತ್ರ ಮೈದಾನಕ್ಕಿಳಿಯುವವನಿಗೆ ಒಳ್ಳೆಯ ಟೈರು ಮತ್ತು ಕಂಪನಿಯ ಮಾದರಿಯ ಹೊಸ ಶಾಕ್ ಅಬ್ಸಾರ್ಬರುಗಳೇ ಹೆಚ್ಚು ಲಾಭಕರ ಆಗಬಹುದು. ಆ ದಿನದ ಬಿಲ್ಲಿನ ಮೊತ್ತ ಕಡಿಮೆಯಾದೀತು; ಆದರೆ ದಿಟವನ್ನು ಹೇಳಿದ ಅಂಗಡಿಗೆ ಗ್ರಾಹಕ ತಾನೂ ಮರಳುತ್ತಾನೆ, ತನ್ನ ಸ್ನೇಹಿತರನ್ನೂ ಕರೆತರುತ್ತಾನೆ.