ಮಿಲಿಮೀಟರ್ ಮಳೆ, ಲಕ್ಷ ಕ್ಯೂಸೆಕ್ ಹೊಳೆ

ವಿಜಯಪುರ ಜಿಲ್ಲೆಯಲ್ಲಿ ವರ್ಷವಿಡೀ ಬೀಳುವ ಮಳೆ ಸರಾಸರಿ 600 ಮಿ.ಮೀ. ಆಸುಪಾಸು. ಕೃಷ್ಣೆ ಹುಟ್ಟುವ ಮಹಾಬಳೇಶ್ವರದಲ್ಲಿ 5,000 ಮಿ.ಮೀ.ಗೂ ಮಿಕ್ಕಿ. ಬರದ ನಾಡಿಗೆ ನೆರೆ ಬರುವುದು ಹೀಗೆ. ಬಸವನ ಬಾಗೇವಾಡಿ, ಮುದ್ದೇಬಿಹಾಳದ ಕಡೆ ಕೃಷ್ಣೆ. ಇಂಡಿ, ಸಿಂದಗಿಯ ಕಡೆ ಭೀಮೆ. ಎರಡೂ ಮಹಾರಾಷ್ಟ್ರದ ಮಳೆಯನ್ನು ಹೊತ್ತು ತರುವ ಹೊಳೆಗಳು.

ಹಾಗಂತ ಇಲ್ಲಿನ ಮಳೆ ಸಣ್ಣದಲ್ಲ. ಒಂದೇ ಒಂದು ಮಿಲಿಮೀಟರ್ ಬಿದ್ದರೆ ಅಂಗಳದ ಧೂಳೂ ಅಡಗುವುದಿಲ್ಲ. ಆದರೆ ಎಕರೆಗೆ ಅದು 4,000 ಲೀಟರ್. ಸುಮಾರು 10,500 ಚದರ ಕಿ.ಮೀ. ಜಿಲ್ಲೆಯ ತುಂಬ ಬಿದ್ದರೆ 1,050 ಕೋಟಿ ಲೀಟರ್! ಜಿಲ್ಲೆಯ ತುಂಬ ಒಂದೇ ಸಮ ಬೀಳುವುದು ಲೆಕ್ಕದಲ್ಲಿ ಮಾತ್ರ. ಒಂದೂರಿಗೆ ಸುರಿದರೆ ಪಕ್ಕದೂರಿಗೆ ಹನಿಯೂ ಇರುವುದಿಲ್ಲ. ಅದಕ್ಕೇ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಸ್ವಯಂಚಾಲಿತ ಮಳೆಮಾಪಕ ಇಟ್ಟಿದೆ. ಇಲ್ಲಿನ ಮಳೆಯೂ ನೆರೆ ತರಬಲ್ಲದು: ಹೂಳು ತುಂಬಿದ ಡೋಣಿ ಹೊಳೆಗೆ ಒಂದು ರಾತ್ರಿಯ ಮಳೆ ಸಾಕು, ತಾಳಿಕೋಟೆ ಸೇತುವೆ ಮುಳುಗುತ್ತದೆ.

ಇನ್ನು ಕೃಷ್ಣೆಯ ಆಲಮಟ್ಟಿ ಅಣೆಕಟ್ಟೆ. 26 ಗೇಟು, ಸಮುದ್ರಮಟ್ಟದಿಂದ 519.60 ಮೀಟರಿಗೆ ಭರ್ತಿ, ಆಗ ಒಡಲಲ್ಲಿ 123 ಟಿಎಂಸಿ. ಒಂದು ಟಿಎಂಸಿ ಅಂದರೆ 2,831 ಕೋಟಿ ಲೀಟರ್. ತುಂಬುತ್ತ ಬಂದಂತೆ ನೀರು ಅಗಲಕ್ಕೆ ಹರಡುವುದರಿಂದ ಮೇಲಿನ ಒಂದು ಮೀಟರಿನಲ್ಲೇ 15 ಟಿಎಂಸಿಗೂ ಹೆಚ್ಚು. ಮಟ್ಟ ಒಂದು ಸೆಂಟಿಮೀಟರ್, ಅಂದರೆ ಕಿರುಬೆರಳಿನ ದಪ್ಪ, ಏರಿದರೆ 400 ಕೋಟಿ ಲೀಟರಿಗೂ ಮಿಕ್ಕಿ! ಪತ್ರಿಕೆಯಲ್ಲಿ ದಿನವೂ ಬರುವ ಜಲಾಶಯ ಮಟ್ಟದ ಕೊನೆಯ ಎರಡು ದಶಾಂಶ ಅಂಕಿಗಳನ್ನು ನಾವು ಹವಾಮಾನದಂತೆ ಓದಿ ಮಗುಚುತ್ತೇವೆ.

2019ರ ಆಗಸ್ಟ್‌ನಲ್ಲಿ ಇಲ್ಲಿಂದ ಹೊರಬಿಟ್ಟದ್ದು 5 ಲಕ್ಷ ಕ್ಯೂಸೆಕ್‌ಗೂ ಹೆಚ್ಚು. ಕ್ಯೂಸೆಕ್ ಅಂದರೆ ಸೆಕೆಂಡಿಗೆ 28 ಲೀಟರ್. ಆ ಲೆಕ್ಕಕ್ಕೆ ಸೆಕೆಂಡಿಗೆ 1.4 ಕೋಟಿ ಲೀಟರ್, 33 ನಿಮಿಷಕ್ಕೊಂದು ಟಿಎಂಸಿ. ಒಳಹರಿವು ನಿಂತಿದ್ದರೆ ತುಂಬಿದ ಜಲಾಶಯ ಮೂರು ದಿನದೊಳಗೆ ಬರಿದಾಗುತ್ತಿತ್ತು. ನಿಲ್ಲಲಿಲ್ಲ.

ಭೀಮೆಯ ಕತೆ ಬೇರೆ. ಇಂಡಿ, ಸಿಂದಗಿಯ ಮೇಲ್ಗಡೆ ಆಲಮಟ್ಟಿಯಂಥ ತಡೆ ನಮ್ಮ ಕೈಯಲ್ಲಿಲ್ಲ. 2020ರ ಅಕ್ಟೋಬರ್‌ನಲ್ಲಿ ಮುಂಗಾರು ಹಿಂದೆ ಸರಿಯುವ ಹೊತ್ತಿಗೆ ಬಂಗಾಳ ಕೊಲ್ಲಿಯ ವಾಯುಭಾರ ಕುಸಿತ ಸೊಲ್ಲಾಪುರದವರೆಗೂ ಬಂತು. ಮಹಾರಾಷ್ಟ್ರದ ಉಜನಿ ಅಣೆಕಟ್ಟೆಯ ನೀರಿಗೆ ವೀರ್ ಅಣೆಕಟ್ಟೆಯದೂ ಸೇರಿ ಭೀಮಾತೀರದ ಊರುಗಳಿಗೆ ನುಗ್ಗಿತು. ಇಂಡಿಯ ಮಳೆಮಾಪಕ ನೋಡಿ ಈ ನೆರೆಯನ್ನು ಊಹಿಸಲಾಗದು. ಪಂಢರಪುರದಲ್ಲಿ ಎಷ್ಟು ಸುರಿಯಿತು, ಉಜನಿಯಲ್ಲಿ ಎಷ್ಟು ಗೇಟು ಎತ್ತಿದರು ಎಂಬುದು ಇಂಡಿಯ ಕಚೇರಿಗೆ ಹೊಳೆಗಿಂತ ಮೊದಲು ತಲುಪಬೇಕು.